ಮಂಡಿನೋವಿರುವವರಿಗೆ ಇಂಗ್ಲೆಂಡಿನ ಕಾಲುವೆ ದಂಡೆಯ ನಡಿಗೆ: ಎಲ್ಲಿ, ಎಷ್ಟು, ಹೇಗೆ

ಪ್ರಶ್ನೆ: ನಾವು ಮೈಸೂರಿನವರು. ನನಗೆ 68 ವರ್ಷ, ನನ್ನ ಪತ್ನಿಗೆ 64. ಏಪ್ರಿಲ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಮಗನ ಮನೆಯಲ್ಲಿ ಇರಲಿದ್ದೇವೆ. ಇಲ್ಲಿ ನಿತ್ಯ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಾಲ್ಕೈದು ಕಿಲೋಮೀಟರ್ ನಡೆಯುವ ರೂಢಿ ಇಬ್ಬರಿಗೂ ಇದೆ. ಆದರೆ ಪತ್ನಿಗೆ ಮಂಡಿನೋವು. ಸಮತಟ್ಟಾದ ನೆಲದಲ್ಲಿ ತೊಂದರೆಯಿಲ್ಲ, ಹತ್ತಿಳಿಯುವುದು ಕಷ್ಟ. ಅಲ್ಲಿನ ಹಳ್ಳಿಗಾಡಿನ ಕಾಲುವೆಗಳ ದಂಡೆಯ ಹಾದಿ ನಮ್ಮಂಥವರಿಗೆ ಹೇಳಿಮಾಡಿಸಿದ್ದು ಎನ್ನುತ್ತಾರೆ. ಯಾವ ಕಾಲುವೆ, ಎಲ್ಲಿಂದ ಎಲ್ಲಿಗೆ, ಏನೇನು ಎಚ್ಚರ ಬೇಕು? ವಾರದ ದಿನಗಳಲ್ಲಿ ನಮಗೆ ಕಾರು ಸಿಗುವುದಿಲ್ಲ. ಮೂರು ವರ್ಷದ ಮೊಮ್ಮಗಳನ್ನು ತಳ್ಳುಗಾಡಿಯಲ್ಲಿ ಜೊತೆಗೆ ಕರೆದೊಯ್ಯಬಹುದೇ?

ಉತ್ತರ: ನಿಮಗೆ ಹೇಳಿದವರು ಸರಿಯಾಗಿಯೇ ಹೇಳಿದ್ದಾರೆ. ನೀವು ಉಳಿಯಲಿರುವ ಊರೂ ಇದಕ್ಕೆ ಅನುಕೂಲವಾದದ್ದೇ, ಏಕೆಂದರೆ ಲೆಸ್ಟರ್‌ನಿಂದ ಸುಮಾರು ಒಂದು ಗಂಟೆಯ ಕಾರು ಪ್ರಯಾಣದೊಳಗೆ ಒಂದಕ್ಕೊಂದು ಸ್ವಭಾವದಲ್ಲಿ ತೀರ ಬೇರೆಯಾದ ನಾಲ್ಕು ಕಾಲುವೆಗಳು ಸಿಗುತ್ತವೆ. ಆದರೆ ಹೊರಡುವ ಮೊದಲು ಒಂದು ವಿಷಯವನ್ನು ಗಟ್ಟಿ ಮಾಡಿಕೊಳ್ಳಬೇಕು. ಕಾಲುವೆಯ ಹಾದಿ ಸಮತಟ್ಟಾಗಿದೆ ಎಂದ ಮಾತ್ರಕ್ಕೆ ಅದು ಸುಲಭವೆಂದು ಅರ್ಥವಲ್ಲ. ಸುಲಭವಾಗುವುದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಮೂರು ಸಂಗತಿಗಳು: ರಸ್ತೆಯಿಂದ ಹಾದಿಗೆ ಇಳಿಯುವ ಜಾಗ ಹೇಗಿದೆ, ಕಾಲಡಿಯ ನೆಲ ಯಾವುದು, ಮತ್ತು ಒಂದು ಲಾಕ್‌ನಿಂದ (ಎರಡು ತುದಿಗೂ ಬಾಗಿಲಿದ್ದು, ನೀರು ತುಂಬಿಸಿ ಇಳಿಸಿ ದೋಣಿಯನ್ನು ಮೇಲಿನ ಇಲ್ಲವೇ ಕೆಳಗಿನ ಮಟ್ಟಕ್ಕೆ ಸಾಗಿಸುವ ಕಟ್ಟೆ) ಇನ್ನೊಂದಕ್ಕೆ ಎಷ್ಟು ದೂರ. ಪ್ರಸಿದ್ಧ ಕಾಲುವೆಯನ್ನು ಹುಡುಕಿಕೊಂಡು ಹೋಗುವುದಕ್ಕಿಂತ ಈ ಮೂರನ್ನು ನೋಡಿ ತುಣುಕನ್ನು ಆರಿಸಿಕೊಳ್ಳುವುದೇ ನಿಮ್ಮ ಶ್ರೀಮತಿಯವರ ಮಂಡಿಗೆ ಒಳ್ಳೆಯದು.

ಈ ಹಾದಿಗಳು ಸಮತಟ್ಟಾಗಿರುವುದಕ್ಕೆ ಕಾರಣ ಕುದುರೆ. ಟೋಪಾತ್ ಎಂದು ಕರೆಯುವ ಈ ದಂಡೆಯ ಹಾದಿಯನ್ನು ಮಾಡಿದ್ದು ಜನರ ವಿಹಾರಕ್ಕಲ್ಲ, ಸರಕಿನ ದೋಣಿಯನ್ನು ಹಗ್ಗ ಕಟ್ಟಿ ಎಳೆಯುವ ಕುದುರೆಗಳಿಗೆ. ನಿಂತ ನೀರಿನಲ್ಲಿ ಒಂದೇ ಕುದುರೆ ಸುಮಾರು 25 ಟನ್ ಸರಕನ್ನು ಎಳೆಯಬಲ್ಲದು. ಆ ಕಾಲದ ಕೆಟ್ಟ ರಸ್ತೆಗಳಲ್ಲಿ ಗಾಡಿ ಹೂಡಿದ ಕುದುರೆಗೆ ಅದರ ಒಂದು ಸಣ್ಣ ಪಾಲೂ ಸಾಧ್ಯವಿರಲಿಲ್ಲ. ಬ್ರಿಜ್‌ವಾಟರ್ ಪ್ರಭುವಿನ ಗಣಿಗಳ ಕಲ್ಲಿದ್ದಲನ್ನು ಮ್ಯಾಂಚೆಸ್ಟರ್ ಕಡೆಗೆ ಸಾಗಿಸಲು 1761ರಲ್ಲಿ ತೆರೆದ ಕಾಲುವೆಯಿಂದ ಈ ಯುಗ ಬಲ ಪಡೆಯಿತು. ಅದರಲ್ಲಿ ಕೆಲಸ ಮಾಡಿದ ಎಂಜಿನಿಯರ್ ಜೇಮ್ಸ್ ಬ್ರಿಂಡ್ಲಿ ಗುಡ್ಡವನ್ನು ಕಡಿಯುವುದಕ್ಕಿಂತ ಅದರ ಮಗ್ಗುಲಲ್ಲಿ ಒಂದೇ ಎತ್ತರ ಹಿಡಿದು ಬಳಸಿಕೊಂಡು ಹೋಗುವುದನ್ನು ಇಷ್ಟಪಡುತ್ತಿದ್ದ. ದಾರಿ ಉದ್ದವಾದರೂ ನೀರಿನ ಮಟ್ಟ ಬದಲಾಗುವುದಿಲ್ಲ. ಎತ್ತರವನ್ನು ದಾಟಲೇಬೇಕಾದ ಕಡೆ ಮಾತ್ರ ಲಾಕ್‌ಗಳನ್ನು ಕಟ್ಟಿದರು. ಹೀಗಾಗಿ ಏರಿಳಿತವೆಲ್ಲ ಲಾಕ್‌ಗಳ ಬಳಿ ಗುಡ್ಡೆಬಿದ್ದಿರುತ್ತದೆ. ಎರಡು ಲಾಕ್‌ಗಳ ನಡುವಿನ ಭಾಗ, ದೋಣಿಯವರು ಪೌಂಡ್ ಎನ್ನುವುದು, ನೀರಿನಷ್ಟೇ ಮಟ್ಟಸವಾಗಿರುತ್ತದೆ. ನಿಮಗೆ ಬೇಕಾದದ್ದು ಉದ್ದನೆಯ ಪೌಂಡ್.

ಮಂಡ್ಯ ಕಡೆಯ ವಿಶ್ವೇಶ್ವರಯ್ಯ ನಾಲೆಯನ್ನು ನೋಡಿದ ಕಣ್ಣಿಗೆ ಈ ಕಾಲುವೆಗಳು ಮೊದಲ ನೋಟಕ್ಕೆ ಕಿರಿದಾದ ಕೆರೆಗಳಂತೆ ಕಾಣಬಹುದು. ನಮ್ಮ ನಾಲೆಗಳು ಹೊಲಕ್ಕೆ ನೀರು ಒಯ್ಯುವವು, ಅವುಗಳಲ್ಲಿ ಸೆಳೆತವಿರುತ್ತದೆ. ಇವು ಸರಕು ಸಾಗಿಸಲು ತೋಡಿದವು, ಇವುಗಳಲ್ಲಿ ನೀರು ಹರಿಯುವುದೇ ಗೊತ್ತಾಗುವುದಿಲ್ಲ. ಆಳವೂ ಹೆಚ್ಚಿನ ಕಡೆ ಒಂದೂವರೆ ಮೀಟರ್ ದಾಟುವುದಿಲ್ಲ. ಹಾಗೆಂದು ನೀರಿಗೆ ಇಳಿಯುವ ಯೋಚನೆ ಬೇಡ. ತಳದಲ್ಲಿ ಕೆಸರಿದೆ, ನೀರು ತಣ್ಣಗಿದೆ, ಇಲಿಗಳ ಮೂತ್ರದಿಂದ ಹರಡುವ ಲೆಪ್ಟೊಸ್ಪೈರೋಸಿಸ್ ರೋಗದ ಭಯವೂ ಇದೆ. ಆ ನೀರನ್ನು ಮುಟ್ಟಿದರೆ ತಿಂಡಿ ತಿನ್ನುವ ಮೊದಲು ಕೈ ತೊಳೆಯುವುದನ್ನು ಮರೆಯಬಾರದು.

ನಿಮಗೆ ನನ್ನ ಮೊದಲ ಶಿಫಾರಸು ಆಶ್‌ಬಿ ಕಾಲುವೆ. ಲೆಸ್ಟರ್‌ನ ಪಶ್ಚಿಮಕ್ಕಿರುವ ಈ ಕಾಲುವೆ 1804ರಲ್ಲಿ ತೆರೆದದ್ದು. ಬೆಡ್‌ವರ್ತ್ ಬಳಿಯ ಮಾರ್ಸ್ಟನ್ ಜಂಕ್ಷನ್‌ನಿಂದ ಸ್ನೇರ್‌ಸ್ಟನ್ ಹಳ್ಳಿಯವರೆಗೆ ಸುಮಾರು 22 ಮೈಲಿ, ಅಂದರೆ 35 ಕಿಲೋಮೀಟರ್ ಉದ್ದಕ್ಕೂ ಒಂದೇ ಒಂದು ಎತ್ತರ ಏರಿಸುವ ಲಾಕ್ ಇಲ್ಲ. ಸಮುದ್ರಮಟ್ಟದಿಂದ ಸುಮಾರು 300 ಅಡಿಯ ಎತ್ತರವನ್ನು ಬಿಡದೆ ಹಿಡಿದುಕೊಂಡು ಹೊಲ, ಹುಲ್ಲುಗಾವಲುಗಳ ನಡುವೆ ಅದು ಬಳುಕಿಕೊಂಡು ಹೋಗುತ್ತದೆ. ಹಿಂದೆ ಇನ್ನೂ ಉತ್ತರಕ್ಕೆ, ಮೊಯ್ರಾದ ಕಲ್ಲಿದ್ದಲ ಗಣಿಗಳವರೆಗೆ ಇತ್ತು. ಗಣಿಗಾರಿಕೆಯಿಂದಲೇ ನೆಲ ಕುಸಿದು ಆ ತುದಿಯನ್ನು ಮುಚ್ಚಬೇಕಾಯಿತು. ಮಂಡಿನೋವಿರುವವರಿಗೆ ಇಡೀ ಮಧ್ಯ ಇಂಗ್ಲೆಂಡಿನಲ್ಲಿ ಇದಕ್ಕಿಂತ ಮಟ್ಟಸವಾದ ಹಾದಿ ಸಿಗುವುದು ಕಷ್ಟ.

ಇದರಲ್ಲಿ ನೀವು ಆರಿಸಿಕೊಳ್ಳಬೇಕಾದ ತುಣುಕು ಸಟನ್ ವಾರ್ಫ್‌ನಿಂದ ಶೆಂಟನ್‌ವರೆಗಿನದು. ವಾರ್ಫ್ ಎಂದರೆ ಹಿಂದೆ ದೋಣಿಗಳಿಗೆ ಸರಕು ಏರಿಸಿ ಇಳಿಸುತ್ತಿದ್ದ ಕಟ್ಟೆ. ಈಗ ಅಲ್ಲಿ ಕಾರು ನಿಲ್ಲಿಸಲು ಜಾಗವಿದೆ, ತಿಂಡಿ ಮನೆಯಿದೆ, ಮತ್ತು ಕಾರಿನಿಂದ ಇಳಿದು ನೀರಿನ ಮಟ್ಟಕ್ಕೆ ಬರಲು ಸೇತುವೆಯ ಮೆಟ್ಟಿಲು ಇಳಿಯುವ ಅಗತ್ಯ ಬೀಳುವುದಿಲ್ಲ. ಅಲ್ಲಿಂದ ಆಂಬಿಯನ್ ಕಾಡಿನ ಅಂಚು ಸವರಿಕೊಂಡು ಸುಮಾರು 2 ಕಿಲೋಮೀಟರ್ ಹೋದರೆ ಕಾಲುವೆ ಎತ್ತರದ ಮಣ್ಣಿನ ಏರಿಯ ಮೇಲೆ ಸಾಗಿ, ಕೆಳಗಿನ ರಸ್ತೆಯನ್ನು ಕಲ್ಲು-ಇಟ್ಟಿಗೆಯ ಸೇತುವೆಯ ಮೇಲಿನಿಂದ ದಾಟುತ್ತದೆ. ರಸ್ತೆ ಕೆಳಗೆ, ನೀರೂ ದೋಣಿಯೂ ಮೇಲೆ. ಅಲ್ಲಿ ನಿಂತು ನೋಡಿ ಹಿಂದಿರುಗಿದರೆ ಒಟ್ಟು ನಾಲ್ಕು ಕಿಲೋಮೀಟರ್ ಆಗುತ್ತದೆ. ನಿಮ್ಮ ನಿತ್ಯದ ಲೆಕ್ಕಕ್ಕೆ ಸರಿಹೊಂದುತ್ತದೆ. ಮುಂದುವರಿದರೆ ಮಾರ್ಕೆಟ್ ಬಾಸ್‌ವರ್ತ್ ಎಂಬ ಚಿಕ್ಕ ಪೇಟೆಯ ಹತ್ತಿರಕ್ಕೆ ಸಟನ್‌ನಿಂದ ಒಟ್ಟು ಐದಾರು ಕಿಲೋಮೀಟರ್. ಶನಿವಾರ ಮಗನೋ ಸೊಸೆಯೋ ಆ ತುದಿಯಲ್ಲಿ ಕಾರು ತಂದು ನಿಲ್ಲಿಸುವುದಾದರೆ ಒಂದೇ ದಿಕ್ಕಿನ ನಡಿಗೆಯಾಗಿ ಅದನ್ನು ಮುಗಿಸಬಹುದು.

ಲೆಸ್ಟರ್‌ನಲ್ಲಿ ಇರುವ ನಿಮಗೆ ಈ ಜಾಗದ ಇನ್ನೊಂದು ನಂಟನ್ನು ಹೇಳಲೇಬೇಕು. 1485ರ ಆಗಸ್ಟ್ 22ರಂದು ಇಂಗ್ಲೆಂಡಿನ ದೊರೆ ಮೂರನೆಯ ರಿಚರ್ಡ್ ಸತ್ತದ್ದು ಬಾಸ್‌ವರ್ತ್ ಕದನದಲ್ಲಿ. ಅವನ ಅಸ್ಥಿಪಂಜರ 2012ರಲ್ಲಿ ಲೆಸ್ಟರ್‌ನ ಒಂದು ಕಾರ್ ಪಾರ್ಕಿನ ಅಡಿಯಲ್ಲಿ ಸಿಕ್ಕಿತು, 2015ರಲ್ಲಿ ಅದನ್ನು ಲೆಸ್ಟರ್ ಕ್ಯಾಥೀಡ್ರಲ್‌ನಲ್ಲಿ ಮತ್ತೆ ಸಮಾಧಿ ಮಾಡಿದರು. ಕದನದ ಸ್ಮಾರಕ ಕೇಂದ್ರ ಕಾಲುವೆಗೆ ಹತ್ತಿರದ ಆಂಬಿಯನ್ ಗುಡ್ಡದ ಮೇಲಿದೆ. ನಿಜವಾದ ರಣರಂಗ ಅಲ್ಲಿಂದ ಎರಡು ಮೂರು ಕಿಲೋಮೀಟರ್ ನೈಋತ್ಯಕ್ಕೆ ಇತ್ತೆಂದು ನೆಲದಲ್ಲಿ ಸಿಕ್ಕ ಫಿರಂಗಿ ಗುಂಡುಗಳ ಆಧಾರದ ಮೇಲೆ ಪುರಾತತ್ತ್ವಜ್ಞರು 2010ರ ಹೊತ್ತಿಗೆ ತೋರಿಸಿಕೊಟ್ಟರು. ಗುಡ್ಡ ದೊಡ್ಡದಲ್ಲದಿದ್ದರೂ ಏರು ಏರೇ. ಕೇಂದ್ರವನ್ನು ನೋಡುವ ಆಸೆಯಿದ್ದರೆ ಕಾಲುವೆಯಿಂದ ನಡೆದು ಹತ್ತದೆ ಕಾರಿನಲ್ಲೇ ಹೋಗಿ.

ಆಶ್‌ಬಿಯ ಕೊರತೆ ನೆಲ. ವಾರ್ಫ್‌ಗಳ ಆಸುಪಾಸಿನಲ್ಲಿ ಗಟ್ಟಿಯಾಗಿರುವ ಹಾದಿ ದೂರ ಹೋದಂತೆ ಕಿರಿದಾಗಿ ಹುಲ್ಲು ಮಣ್ಣಿನ ಕಾಲುದಾರಿಯಾಗುತ್ತದೆ. ಎರಡು ದಿನ ಬಿಸಿಲು ಬಿದ್ದ ಮೇಲೆ ಅದು ಮಂಡಿಗೆ ಕಾಂಕ್ರೀಟಿಗಿಂತ ಹಿತ. ಮಳೆಯ ಮರುದಿನ ಜಾರುತ್ತದೆ. ಆದ್ದರಿಂದ ಆಶ್‌ಬಿಯನ್ನು ಮೇ ನಡುವಿನ ನಂತರದ ಒಣ ದಿನಗಳಿಗೆ ಇಟ್ಟುಕೊಳ್ಳಿ.

ವಾರದ ದಿನಗಳಲ್ಲಿ ಕಾರಿಲ್ಲದೆ ಹೋಗಲು ಮಾರ್ಕೆಟ್ ಹಾರ್ಬರೊ ಸೂಕ್ತ. ಲೆಸ್ಟರ್‌ನಿಂದ ರೈಲಿನಲ್ಲಿ ಹೆಚ್ಚುಕಡಿಮೆ ಕಾಲು ಗಂಟೆ. ನಿಲ್ದಾಣದಿಂದ ಯೂನಿಯನ್ ವಾರ್ಫ್ ಎಂಬ ಕಾಲುವೆಯ ತುದಿಗೆ ಊರೊಳಗೆ ಒಂದೂವರೆ ಕಿಲೋಮೀಟರ್‌ನಷ್ಟು ದೂರವಿದೆ. ಇದನ್ನೂ ಹೋಗಿ ಬರುವ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು, ಇಲ್ಲವೇ ಒಂದು ಕಡೆಗಾದರೂ ಟ್ಯಾಕ್ಸಿ ಹಿಡಿಯಬೇಕು. 1809ರಲ್ಲಿ ತೆರೆದ, ಈಗ ಗ್ರ್ಯಾಂಡ್ ಯೂನಿಯನ್ ಕಾಲುವೆಗೆ ಸೇರಿದ ಈ ಕವಲು ಫಾಕ್ಸ್‌ಟನ್‌ವರೆಗೆ ಐದೂವರೆ ಮೈಲಿ, ಸುಮಾರು 9 ಕಿಲೋಮೀಟರ್, ಪೂರ್ತಿ ಒಂದೇ ಮಟ್ಟದಲ್ಲಿ ಸಾಗುತ್ತದೆ. ಅದರ ಪೂರ್ತಿ ಉದ್ದವನ್ನು ನಡೆಯುವ ಹಟ ನಿಮಗೆ ಬೇಡ. ಊರಿನ ಹೊರವಲಯದ ಮನೆಗಳ ತೋಟಗಳು ಹಿಂದೆ ಬಿದ್ದು, ಎರಡೂ ಕಡೆ ಹಾಥಾರ್ನ್ ಬೇಲಿಗಳು, ಅದರಾಚೆ ಕುರಿ ಮೇಯುವ ಹುಲ್ಲುಗಾವಲು ಬಂದ ಮೇಲೆ ನಿಮಗೆ ಬೇಕೆನಿಸಿದ ಕಡೆ ತಿರುಗಿಕೊಂಡರಾಯಿತು.

ಹೀಗೆ ತಿರುಗಿಕೊಳ್ಳುವ ವಿಷಯದಲ್ಲಿ ಒಂದು ಪದ್ಧತಿಯನ್ನು ಬಲವಾಗಿ ಹೇಳುತ್ತೇನೆ: ಜಾಗವನ್ನು ಗುರಿಯಾಗಿ ಇಟ್ಟುಕೊಳ್ಳದೆ ಗಡಿಯಾರವನ್ನು ಇಟ್ಟುಕೊಳ್ಳಿ. ಮೊದಲ ದಿನ ಮೂವತ್ತು ನಿಮಿಷ ಹೋಗಿ, ಎಲ್ಲಿದ್ದರೂ ಅಲ್ಲಿಂದ ಹಿಂದಿರುಗಿ. ಮಂಡಿ ಮರುದಿನ ಬೆಳಿಗ್ಗೆ ಏನು ಹೇಳುತ್ತದೆಂದು ನೋಡಿ ಮುಂದಿನ ಸಲ ಐದು ಹತ್ತು ನಿಮಿಷ ಏರಿಸಿ. ಕೆರೆಯ ಏರಿಯ ಮೇಲೆ ಸುತ್ತು ಹಾಕುವಾಗ ಯಾವ ಕ್ಷಣದಲ್ಲಿ ಬೇಕಾದರೂ ಆಟೋ ಸಿಗುವ ಧೈರ್ಯವಿರುತ್ತದೆ. ಇಲ್ಲಿ ಎರಡು ಸೇತುವೆಗಳ ನಡುವೆ ರಸ್ತೆಯೇ ಹತ್ತಿರ ಬಾರದ ಕಡೆಗಳು ಇವೆ. ಹೋದಷ್ಟೂ ದೂರವನ್ನು ಕಾಲಿನಿಂದಲೇ ವಾಪಸು ತೀರಿಸಬೇಕು.

ಫಾಕ್ಸ್‌ಟನ್ ಅನ್ನು ಮಾತ್ರ ಪ್ರತ್ಯೇಕವಾಗಿ, ಒಂದು ಶನಿವಾರ ಕಾರಿನಲ್ಲಿ ಹೋಗಿ ನೋಡಬೇಕು. ಇಲ್ಲಿ ಮಟ್ಟಸದ ನಡಿಗೆಗಿಂತ ಲಾಕ್‌ಗಳು ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ಕಣ್ಣಾರೆ ಕಾಣುವುದೇ ಮುಖ್ಯ. ಗ್ರ್ಯಾಂಡ್ ಯೂನಿಯನ್ ಕಾಲುವೆಯ ಲೆಸ್ಟರ್ ಕವಲು ಈ ಗುಡ್ಡದ ಬುಡದಲ್ಲಿ 75 ಅಡಿ ಎತ್ತರ ಹತ್ತಬೇಕು. ಅದಕ್ಕಾಗಿ ಐದೈದು ಲಾಕ್‌ಗಳ ಎರಡು ಗುಂಪುಗಳನ್ನು ಒಂದರ ಮೇಲೊಂದರಂತೆ ಕಟ್ಟಿದ್ದಾರೆ. ಕೆಲಸ 1810ರಲ್ಲಿ ಆರಂಭವಾಗಿ 1814ರಲ್ಲಿ ಮುಗಿಯಿತು. ಪ್ರತಿ ಗುಂಪಿನಲ್ಲೂ ಒಂದು ಲಾಕ್‌ನ ಮೇಲಿನ ಬಾಗಿಲೇ ಮುಂದಿನ ಲಾಕ್‌ನ ಕೆಳಗಿನ ಬಾಗಿಲು.

ಒಂದು ದೋಣಿ ಹತ್ತುವುದನ್ನು ಮೊದಲಿನಿಂದ ಕೊನೆಯವರೆಗೆ ನಿಂತು ನೋಡಿ. ಏಳು ಅಡಿ ಅಗಲದ ಲಾಕ್‌ಗೆ ಅದಕ್ಕಿಂತ ಒಂದೆರಡು ಇಂಚು ಮಾತ್ರ ಕಡಿಮೆ ಅಗಲದ ನ್ಯಾರೋಬೋಟ್ ಎಂಬ ಕಿರಿದಾದ ಉದ್ದನೆಯ ದೋಣಿ ನಿಧಾನವಾಗಿ ಒಳಗೆ ಬರುತ್ತದೆ. ದೋಣಿಯ ಮೈಗೂ ಗೋಡೆಗೂ ನಡುವೆ ಕೈ ತೂರಿಸಲೂ ಜಾಗವಿರುವುದಿಲ್ಲ. ಹಿಂದಿನ ಬಾಗಿಲು ಮುಚ್ಚುತ್ತದೆ. ಬಾಗಿಲಿಗೆ ಜೋಡಿಸಿದ ಉದ್ದನೆಯ ತೊಲೆಗೆ ಬೆನ್ನು ಕೊಟ್ಟು, ಕಾಲಡಿಯಲ್ಲಿ ಸಾಲಾಗಿ ಎದ್ದು ನಿಂತ ಇಟ್ಟಿಗೆಗಳಿಗೆ ಹಿಮ್ಮಡಿ ಒತ್ತಿ ತಳ್ಳುವವರನ್ನು ಗಮನಿಸಿ. ಆ ಇಟ್ಟಿಗೆಗಳನ್ನು ಇಟ್ಟಿರುವುದೇ ಕಾಲು ಜಾರದಿರಲೆಂದು. ಬಳಿಕ ಕೈಹಿಡಿಯ ಕೀಲಿಯಿಂದ ತೂಬಿನ ಹಲಗೆಯನ್ನು ಎತ್ತುತ್ತಾರೆ. ಫಾಕ್ಸ್‌ಟನ್‌ನಲ್ಲಿ ಈ ತೂಬುಗಳಿಗೆ ಕೆಂಪು, ಬಿಳಿ ಎಂದು ಎರಡು ಬಣ್ಣ ಬಳಿದಿದ್ದಾರೆ. ಕೆಂಪನ್ನು ಮೊದಲು, ಬಿಳಿಯನ್ನು ನಂತರ ಎತ್ತಬೇಕು. ಈ ಕ್ರಮ ತಪ್ಪಿದರೆ ನೀರು ಪಕ್ಕದ ಹೊಂಡಗಳಿಗೆ ಹೋಗಬೇಕಾದ ಕಡೆ ಹೋಗದೆ ಉಕ್ಕುತ್ತದೆ. ಎತ್ತಿದೊಡನೆ ನೀರು ನುಗ್ಗುವ ಸದ್ದು ಕೇಳಿಸುತ್ತದೆ, ದೋಣಿ ನೋಡನೋಡುತ್ತ ನಿಮ್ಮ ಮೊಣಕಾಲಿನ ಮಟ್ಟದಿಂದ ಎದೆಯ ಮಟ್ಟಕ್ಕೆ ಏರಿ ಬರುತ್ತದೆ. ಯಂತ್ರವಿಲ್ಲ, ವಿದ್ಯುತ್ತಿಲ್ಲ, ನೀರಿನ ಭಾರವೇ ಎಲ್ಲವನ್ನೂ ಮಾಡುತ್ತದೆ. ಹತ್ತೂ ಲಾಕ್‌ಗಳನ್ನು ದಾಟಲು ಒಂದು ದೋಣಿಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. ಈ ವಿಳಂಬವನ್ನು ತಪ್ಪಿಸಲೆಂದೇ 1900ರಲ್ಲಿ ಪಕ್ಕದಲ್ಲೇ ಉಗಿಯಂತ್ರದಿಂದ ಎಳೆಯುವ ಇಳಿಜಾರು ಹಳಿಯ ದೋಣಿ-ಲಿಫ್ಟನ್ನು ಕಟ್ಟಿದರು. ಹನ್ನೆರಡು ನಿಮಿಷದಲ್ಲಿ ಕೆಲಸ ಮುಗಿಸುತ್ತಿದ್ದ ಅದಕ್ಕೆ ಸಾಕಷ್ಟು ದೋಣಿಗಳೇ ಬರಲಿಲ್ಲ. ಸರಕು ಆಗಲೇ ರೈಲಿನ ಪಾಲಾಗಿತ್ತು. 1911ರಲ್ಲಿ ಅದನ್ನು ನಿಲ್ಲಿಸಿದರು. ಅದು ಸಾಗುತ್ತಿದ್ದ ಇಳಿಜಾರು ಈಗಲೂ ಹುಲ್ಲಿನ ನಡುವೆ ಗುರುತಿಸುವಂತಿದೆ, ಪಕ್ಕದಲ್ಲಿ ಚಿಕ್ಕ ವಸ್ತುಸಂಗ್ರಹಾಲಯವೂ ಇದೆ.

ನಿಮ್ಮ ಶ್ರೀಮತಿಯವರು ಲಾಕ್‌ಗಳ ಪಕ್ಕದ ಇಳಿಜಾರನ್ನು ಪೂರ್ತಿ ಇಳಿದು ಮತ್ತೆ ಹತ್ತುವ ಅಗತ್ಯವಿಲ್ಲ. ಮೇಲಿನ ತುದಿಯಲ್ಲೇ ನಿಂತರೂ ನೋಟ ಚೆನ್ನಾಗಿದೆ, ಅಲ್ಲಿಂದ ದಕ್ಷಿಣಕ್ಕೆ ಹೊರಡುವ ಮೇಲ್ಮಟ್ಟದ ಪೌಂಡ್ ಸುಮಾರು 20 ಮೈಲಿ ಒಂದೂ ಲಾಕ್ ಇಲ್ಲದೆ ಹೋಗುತ್ತದೆ. ಇಲ್ಲಿ ಹಳ್ಳಿಗಳು ಹತ್ತಿರದಲ್ಲಿಲ್ಲ, ಆದ್ದರಿಂದ ತುಂಬ ನಿಶ್ಶಬ್ದ. ಒಂದು ಎಚ್ಚರಿಕೆ: ಕೆಲವು ಕಿಲೋಮೀಟರ್ ಆಚೆ ಹಸ್ಬೆಂಡ್ಸ್ ಬಾಸ್‌ವರ್ತ್ ಬಳಿ ಕಾಲುವೆ ಸುರಂಗದೊಳಕ್ಕೆ ಹೋಗುತ್ತದೆ, ಸುರಂಗದೊಳಗೆ ದಂಡೆಯ ಹಾದಿಯಿಲ್ಲ. ಆಗಿನ ಕಾಲದಲ್ಲಿ ಕುದುರೆಯನ್ನು ಬಿಚ್ಚಿ ಗುಡ್ಡದ ಮೇಲಿನಿಂದ ನಡೆಸಿಕೊಂಡು ಹೋಗುತ್ತಿದ್ದರು. ನಡೆಯುವವರೂ ಹಾಗೆಯೇ ಹತ್ತಿಳಿಯಬೇಕು. ನಕ್ಷೆಯಲ್ಲಿ ನೀಲಿ ಗೆರೆ ತುಂಡಾಗಿ ಕಂಡಲ್ಲೆಲ್ಲ ಇದೇ ಕಥೆ ಎಂದು ತಿಳಿಯಿರಿ.

ಮೂರನೆಯ ಆಯ್ಕೆ ಸ್ಟಾಫರ್ಡ್‌ಶೈರ್‌ನ ಫ್ರಾಡ್ಲಿ ಜಂಕ್ಷನ್. 1777ರಲ್ಲಿ ಪೂರ್ಣಗೊಂಡ ಟ್ರೆಂಟ್ ಅಂಡ್ ಮರ್ಸಿ ಕಾಲುವೆಗೆ ಇಲ್ಲಿ ಕವೆಂಟ್ರಿ ಕಾಲುವೆ ಬಂದು ಸೇರುತ್ತದೆ. ಪಿಂಗಾಣಿ ತಯಾರಿಸುತ್ತಿದ್ದ ಜೊಸಾಯಾ ವೆಜ್‌ವುಡ್ ಈ ಕಾಲುವೆಗಾಗಿ ಪಟ್ಟು ಹಿಡಿದದ್ದಕ್ಕೆ ಕಾರಣವಿತ್ತು: ರಸ್ತೆಯ ಕುಲುಕಾಟದಲ್ಲಿ ಅವನ ಪಾತ್ರೆಗಳು ಒಡೆಯುತ್ತಿದ್ದವು, ನೀರಿನ ಮೇಲೆ ಒಡೆಯುತ್ತಿರಲಿಲ್ಲ. ಫ್ರಾಡ್ಲಿಯಿಂದ ಆಲ್‌ರೆವಸ್ ಹಳ್ಳಿಗೆ ಸುಮಾರು 3 ಕಿಲೋಮೀಟರ್. ನಡುವೆ ಲಾಕ್‌ಗಳಿದ್ದರೂ ಬಿಡಿಬಿಡಿಯಾಗಿವೆ. ಒಂದೊಂದರ ಪಕ್ಕದಲ್ಲೂ ಹಾದಿ ಕೆಲವೇ ಹೆಜ್ಜೆಗಳ ಇಳಿಜಾರಾಗುತ್ತದೆ, ಅಷ್ಟೆ. ಹೋಗುವಾಗ ಇಳಿಯುತ್ತ ಹೋಗುತ್ತೀರಿ, ಬರುವಾಗ ಅದೇ ಚಿಕ್ಕ ಏರುಗಳು. ಆಲ್‌ರೆವಸ್ ದಾಟಿದೊಡನೆ ಕಾಲುವೆ ಸ್ವಲ್ಪ ದೂರ ಟ್ರೆಂಟ್ ನದಿಯೊಂದಿಗೆ ಬೆರೆಯುತ್ತದೆ, ಹಾದಿ ಉದ್ದನೆಯ ಕಾಲ್ಸೇತುವೆಗಳ ಮೇಲೆ ಸಾಗುತ್ತದೆ. ಮಳೆ ಹೆಚ್ಚಾದ ವಾರಗಳಲ್ಲಿ ನದಿ ಉಕ್ಕಿರುತ್ತದೆ. ಆಗ ಹಳ್ಳಿಯಿಂದಲೇ ಹಿಂದಿರುಗುವುದು ಲೇಸು.

ನಾಲ್ಕನೆಯದು, ಪಕ್ಷಿಗಳನ್ನು ನೋಡುವ ಆಸಕ್ತಿಯಿದ್ದರೆ, ಬೀವರ್ (Belvoir) ಕಣಿವೆಯ ಗ್ರ್ಯಾಂಥಮ್ ಕಾಲುವೆ. 1936ರಲ್ಲಿ ದೋಣಿ ಸಂಚಾರಕ್ಕೆ ಮುಚ್ಚಿದ ಇದರಲ್ಲಿ ಈಗ ಹೆಚ್ಚಿನ ಭಾಗ ಜೊಂಡು, ತಾವರೆಕುಲದ ಗಿಡಗಳು, ನೀರುಕೋಳಿಗಳು. ಹಿಕ್ಲಿಂಗ್ ಹಳ್ಳಿಯ ಹಳೆಯ ದೋಣಿಕೊಳದಿಂದ ಯಾವ ಕಡೆಗೆ ಹೊರಟರೂ ಮೈಲಿಗಟ್ಟಲೆ ಮಟ್ಟಸವಾದ ನೆಲ. ಮುಚ್ಚಿದ ನಂತರ ಇಲ್ಲಿನ ಬಹಳಷ್ಟು ಕಮಾನು ಸೇತುವೆಗಳನ್ನು ಒಡೆದು ರಸ್ತೆಯನ್ನು ನೆಲಮಟ್ಟಕ್ಕೆ ತಂದಿದ್ದಾರೆ. ಹೀಗಾಗಿ ಹಾದಿ ಸೇತುವೆಯ ಕೆಳಗೆ ತೂರಿ ಹೋಗುವ ಬದಲು ಅಲ್ಲಲ್ಲಿ ರಸ್ತೆಯನ್ನೇ ದಾಟುತ್ತದೆ. ಹಳ್ಳಿಯ ರಸ್ತೆಯಾದರೂ ಕಾರುಗಳು ವೇಗವಾಗಿ ಬರುತ್ತವೆ.

ಲಂಡನ್ ಕಡೆ ಹೋಗುವ ಸಂದರ್ಭ ಬಂದರೆ ಕೆನೆಟ್ ಅಂಡ್ ಏವನ್ ಕಾಲುವೆಯನ್ನೂ ನೆನಪಿಡಿ. ಕಿಂಟ್‌ಬರಿ ರೈಲು ನಿಲ್ದಾಣ ಕಾಲುವೆಯ ದಡದಲ್ಲೇ ಇದೆ, ಸುಮಾರು 5 ಕಿಲೋಮೀಟರ್ ನಡೆದರೆ ಹಂಗರ್‌ಫರ್ಡ್ ಬರುತ್ತದೆ, ಅಲ್ಲಿಂದ ರೈಲು ಹತ್ತಿ ಹಿಂದಿರುಗಬಹುದು.

ಇನ್ನು ಎಚ್ಚರಗಳು. ಮಂಡಿನೋವಿನವರಿಗೆ ಕಷ್ಟ ಕೊಡುವುದು ನಡಿಗೆಯಲ್ಲ, ಹಾದಿಗೆ ಇಳಿಯುವ ಜಾಗ. ಹಳ್ಳಿಯ ರಸ್ತೆಗಳು ಗೂನುಬೆನ್ನಿನ ಸೇತುವೆಗಳ ಮೇಲೆ ಕಾಲುವೆಯನ್ನು ದಾಟುತ್ತವೆ, ಅದರ ಪಕ್ಕದಿಂದ ಕಡಿದಾದ, ಹಿಡಿಕಂಬಿಯಿಲ್ಲದ ಮೆಟ್ಟಿಲುಗಳು ಇಳಿಯುತ್ತವೆ. ಆದ್ದರಿಂದ ಸಾಧ್ಯವಾದಷ್ಟು ವಾರ್ಫ್, ಜಂಕ್ಷನ್, ದೋಣಿ ತಂಗುದಾಣಗಳಿಂದಲೇ ಹೊರಡಿ. ಎರಡನೆಯದಾಗಿ, ಮುದ್ರಿತ ಕೈಪಿಡಿಗಳು ಕೊಡುವ ಸುತ್ತುದಾರಿಗಳನ್ನು ಬಿಟ್ಟುಬಿಡಿ. ಅವುಗಳಲ್ಲಿ ಅರ್ಧ ಕಾಲುವೆ, ಇನ್ನರ್ಧ ಹೊಲಗಳ ನಡುವಿನ ಕಾಲುದಾರಿ. ಹೊಲದ ಬೇಲಿ ದಾಟಲು ಸ್ಟೈಲ್ ಎಂಬ ಮರದ ಮೆಟ್ಟಿಲು ಹತ್ತಿ ಕಾಲು ಎತ್ತಿ ಆಚೆ ಹಾಕಬೇಕು, ಒಮ್ಮೊಮ್ಮೆ ಕರು ಹಾಕಿದ ಹಸುಗಳ ಹಿಂಡಿನ ನಡುವೆಯೂ ಹೋಗಬೇಕು. ದೋಣಿ ಎಳೆಯುವ ಕುದುರೆ ಸ್ಟೈಲ್ ದಾಟಲಾರದಾದ್ದರಿಂದ ಕಾಲುವೆಯ ಹಾದಿಯಲ್ಲಿ ಅದರ ಕಾಟ ಸಾಮಾನ್ಯವಾಗಿ ಇಲ್ಲ. ಹೋದ ದಾರಿಯಲ್ಲೇ ಹಿಂದಿರುಗುವುದು ಬೇಸರವಾದೀತೆಂದು ಅಂಜಬೇಡಿ. ಬೆಳಕಿನ ದಿಕ್ಕು ಬದಲಾದಾಗ ಅದೇ ದಾರಿ ಬೇರೆಯಾಗಿ ಕಾಣುತ್ತದೆ. ಹಾದಿ ಹಲವೆಡೆ ನೀರಿನ ಕಡೆಗೆ ಸ್ವಲ್ಪ ವಾಲಿರುತ್ತದೆ, ಒಂದು ಕಾಲು ಸದಾ ತಗ್ಗಿನಲ್ಲಿ ಬೀಳುತ್ತದೆ. ಹಿಂದಿರುಗುವಾಗ ಆ ಭಾರ ಇನ್ನೊಂದು ಕಾಲಿಗೆ ಬಂದು ಸರಿಯಾಗುತ್ತದೆ.

ಸೇತುವೆಗಳ ಕೆಳಗೆ ಹಾದಿ ಕಿರಿದಾಗುತ್ತದೆ, ಕಮಾನು ತಲೆಯ ಹತ್ತಿರಕ್ಕೆ ಬರುತ್ತದೆ, ಆಚೆ ಬದಿಯಿಂದ ಸೈಕಲ್ ಬರುವುದು ಕಾಣುವುದಿಲ್ಲ. ಅಲ್ಲಿ ಒಂದು ಕ್ಷಣ ನಿಂತು, ಗಂಟೆಯ ಸದ್ದಿಗೆ ಕಿವಿಗೊಟ್ಟು ಮುಂದುವರಿಯಿರಿ. ನಡೆಯುವವರಿಗೇ ಆದ್ಯತೆ ಎಂಬ ನಿಯಮವಿದ್ದರೂ ಬದಿಗೆ ಸರಿದು ದಾರಿ ಬಿಡುವುದು ರೂಢಿ. ನಿಂತಾಗ ಕಮಾನಿನ ಅಂಚನ್ನು ಹತ್ತಿರದಿಂದ ನೋಡಿ: ಹಳೆಯ ಸೇತುವೆಗಳ ಇಟ್ಟಿಗೆಯ ಮೂಲೆಯಲ್ಲಿ, ಅಥವಾ ಅದಕ್ಕೆ ಹೊಡೆದ ಕಬ್ಬಿಣದ ಪಟ್ಟಿಯಲ್ಲಿ, ಬೆರಳು ಹೂತುಹೋಗುವಷ್ಟು ಆಳದ ಗೀರುಗಳು ಸಾಲಾಗಿರುತ್ತವೆ. ಮಣ್ಣು ಮರಳು ಮೆತ್ತಿದ ಒದ್ದೆ ಹಗ್ಗ ಒಂದು ಶತಮಾನಕ್ಕೂ ಹೆಚ್ಚು ಕಾಲ ಅದೇ ಜಾಗದಲ್ಲಿ ಉಜ್ಜಿ ಉಜ್ಜಿ ಕೊರೆದ ಗೀರುಗಳವು. ಹೆಚ್ಚಿನ ಸೇತುವೆಗಳ ಮೇಲೆ ಸಂಖ್ಯೆಯ ಫಲಕವಿರುತ್ತದೆ. ದಾಟಿದ ಕೊನೆಯ ಸೇತುವೆಯ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ. ಕಾಲು ಉಳುಕಿ ಅಲ್ಲಿನ ತುರ್ತು ಸೇವೆಯ ಸಂಖ್ಯೆ 999ಕ್ಕೆ ಕರೆ ಮಾಡಬೇಕಾಗಿ ಬಂದರೆ ಎಲ್ಲಿದ್ದೀರೆಂದು ಹೇಳಲು ಕಾಲುವೆಯ ಹೆಸರೂ ಆ ಸಂಖ್ಯೆಯೂ ನೆರವಾಗುತ್ತವೆ.

ಮೀನು ಹಿಡಿಯುವವರ ಉದ್ದನೆಯ ಕಾರ್ಬನ್ ಕೋಲುಗಳು ಹಾದಿಗೆ ಅಡ್ಡವಾಗಿ ಮಲಗಿರುತ್ತವೆ, ತುಳಿದರೆ ಮುರಿಯುತ್ತವೆ, ಬೆಲೆಯೂ ಹೆಚ್ಚು. ಹತ್ತಿರ ಬಂದಾಗ ಮೆಲುದನಿಯಲ್ಲಿ ಹಲೋ ಎಂದರೆ ಅವರೇ ಎಳೆದುಕೊಳ್ಳುತ್ತಾರೆ. ದಡಕ್ಕೆ ಕಟ್ಟಿದ ನ್ಯಾರೋಬೋಟ್‌ಗಳಲ್ಲಿ ಅನೇಕವು ಜನ ವಾಸವಿರುವ ಮನೆಗಳು. ಕಿಟಕಿಯೊಳಗೆ ಇಣುಕಬಾರದು, ಗೂಟಕ್ಕೆ ಬಿಗಿದ ಹಗ್ಗಗಳಿಗೆ ಕಾಲು ತಾಗದಂತೆ ನೋಡಿಕೊಳ್ಳಬೇಕು. ಮೇ, ಜೂನ್‌ನಲ್ಲಿ ಹಂಸಗಳು ಮರಿಗಳೊಂದಿಗೆ ಹಾದಿಯ ಮೇಲೆಯೇ ಕೂತಿರುತ್ತವೆ. ಗಂಡು ಹಂಸ ರೆಕ್ಕೆ ಎತ್ತಿ ಬುಸುಗುಟ್ಟಿದರೆ ಅದು ಬೆದರಿಕೆ. ಕಾದು ನೋಡಿ, ಸರಿಯದಿದ್ದರೆ ಹಿಂದಿರುಗಿ.

ಉಡುಪಿನ ಬಗ್ಗೆ: ಹಿಡಿತವಿರುವ ಅಟ್ಟೆಯ ಬೂಟು ಬೇಕೇ ಬೇಕು, ರಬ್ಬರ್ ತುದಿಯ ಕೋಲೊಂದು ಇದ್ದರೆ ಮಂಡಿಗೆ ಆಸರೆ. ಸೀರೆ ಉಟ್ಟು ನಡೆಯಬಾರದೆಂದೇನೂ ಇಲ್ಲ, ಆದರೆ ಬೆಳಗಿನ ಹುಲ್ಲು ಇಬ್ಬನಿಯಿಂದ ತೊಯ್ದು ಅಂಚೆಲ್ಲ ನೆನೆಯುತ್ತದೆ, ಜೂನ್ ಹೊತ್ತಿಗೆ ಮುಟ್ಟಿದರೆ ಉರಿ ಹತ್ತಿಸುವ ನೆಟಲ್ ಗಿಡಗಳು ಮೊಣಕಾಲೆತ್ತರ ಬೆಳೆದಿರುತ್ತವೆ. ಉದ್ದನೆಯ ಪ್ಯಾಂಟ್ ಅಥವಾ ಸಲ್ವಾರ್ ಅನುಕೂಲ. ತೆಳ್ಳಗಿನ ಮಳೆಯಂಗಿ ಚೀಲದಲ್ಲಿರಲಿ. ಶೌಚಾಲಯಗಳು ವಿರಳ, ದೋಣಿಯವರಿಗಾಗಿ ಇರುವವು ಬೀಗ ಹಾಕಿರುತ್ತವೆ, ಆದ್ದರಿಂದ ಹೊರಡುವ ಕಡೆಯ ತಿಂಡಿ ಮನೆಯಲ್ಲೇ ಮುಗಿಸಿಕೊಂಡು ಹೊರಡಿ. ಹಳ್ಳಿಯ ಪಬ್‌ಗಳ ಅಡುಗೆಮನೆ ಮಧ್ಯಾಹ್ನ ಎರಡರ ಸುಮಾರಿಗೇ ಮುಚ್ಚಿಬಿಡಬಹುದು. ಬುತ್ತಿಯಲ್ಲಿ ಚಿತ್ರಾನ್ನ, ಫ್ಲಾಸ್ಕಿನಲ್ಲಿ ಕಾಫಿ ಕಟ್ಟಿಕೊಂಡು ಹೋದರೆ ಯಾರ ಹಂಗೂ ಇಲ್ಲ. ಕೂರಲು ಬೆಂಚುಗಳು ಲಾಕ್‌ಗಳ ಹತ್ತಿರ ಸಿಗುತ್ತವೆ, ನಡುದಾರಿಯಲ್ಲಿ ಅಪರೂಪ.

ಈ ಹಾದಿಗಳಲ್ಲಿ ನಡೆಯಲು ಶುಲ್ಕವಿಲ್ಲ. 2012ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 2,000 ಮೈಲಿ ಜಲಮಾರ್ಗಗಳನ್ನು ಕೆನಾಲ್ ಅಂಡ್ ರಿವರ್ ಟ್ರಸ್ಟ್ ನೋಡಿಕೊಳ್ಳುತ್ತಿದೆ. ಮೇಲೆ ಹೇಳಿದ ಕಾಲುವೆಗಳು ಅದರ ಸುಪರ್ದಿಯಲ್ಲಿವೆ, ದುರಸ್ತಿಗಾಗಿ ಹಾದಿ ಮುಚ್ಚಿದ್ದರೆ ಅದರ ಜಾಲತಾಣದಲ್ಲಿ ಸೂಚನೆ ಇರುತ್ತದೆ. ಹೊರಡುವ ಹಿಂದಿನ ರಾತ್ರಿ ಒಮ್ಮೆ ನೋಡಿಕೊಳ್ಳಿ. ನಕ್ಷೆ ಬೇಕೆಂದರೆ ಆರ್ಡ್‌ನೆನ್ಸ್ ಸರ್ವೆಯ 1:25,000 ಪ್ರಮಾಣದ್ದನ್ನು ತೆಗೆದುಕೊಳ್ಳಿ. ಅದರಲ್ಲಿ 4 ಸೆಂಟಿಮೀಟರ್ ಎಂದರೆ 1 ಕಿಲೋಮೀಟರ್, ಲಾಕ್‌ಗಳೂ ಒಂದೊಂದಾಗಿ ಗುರುತಾಗಿರುತ್ತವೆ.

ಮೊಮ್ಮಗಳ ವಿಷಯ. ತಳ್ಳುಗಾಡಿಗೆ ಮಾರ್ಕೆಟ್ ಹಾರ್ಬರೊ ಕಡೆಯ ಊರಿಗೆ ಹತ್ತಿರದ ತುಣುಕೂ ಫ್ರಾಡ್ಲಿ ಜಂಕ್ಷನ್‌ನ ಆಸುಪಾಸೂ ಸರಿಹೋಗುತ್ತವೆ. ಆಶ್‌ಬಿಯ ಹುಲ್ಲುಹಾದಿಯಲ್ಲಿ, ಗ್ರ್ಯಾಂಥಮ್‌ನಲ್ಲಿ ಚಿಕ್ಕ ಗಾಲಿಗಳು ಹೂತು ನಿಮಗೇ ಭಾರವಾಗುತ್ತದೆ. ತಳ್ಳುಗಾಡಿಯನ್ನು ನಿಲ್ಲಿಸಿದಾಗಲೆಲ್ಲ ಬ್ರೇಕ್ ಹಾಕಿ, ಅದರ ಮುಖವನ್ನು ನೀರಿಗೆ ಎದುರಾಗಿ ಅಲ್ಲ, ಹಾದಿಯ ಉದ್ದಕ್ಕೆ ತಿರುಗಿಸಿ ಇಡಿ. ಮಗು ಇಳಿದು ನಡೆಯುವಾಗ ಬೇಲಿಯ ಕಡೆ ಅವಳು, ನೀರಿನ ಕಡೆ ನೀವು. ಲಾಕ್‌ಗಳ ಅಂಚಿಗೆ ತಡೆಗೋಡೆಯಿಲ್ಲ, ಖಾಲಿ ಲಾಕ್ ಆಳವಾದ ಕಲ್ಲಿನ ಹೊಂಡ. ಅಲ್ಲಿ ಕೈ ಹಿಡಿದರೂ ಸಾಲದು, ಅವಳನ್ನು ಎತ್ತಿಕೊಳ್ಳಬೇಕು ಇಲ್ಲವೇ ಗಾಡಿಯಲ್ಲಿ ಕೂರಿಸಿ ಪಟ್ಟಿ ಬಿಗಿಯಬೇಕು. ಬಾತುಗಳಿಗೆ ಬ್ರೆಡ್ ಹಾಕುವುದು ಅವಕ್ಕೆ ಒಳ್ಳೆಯದಲ್ಲ. ಒಂದು ಡಬ್ಬಿಯಲ್ಲಿ ಓಟ್ಸ್ ಅಥವಾ ಬಟಾಣಿ ಕಾಳು ಒಯ್ದರೆ ಅವಳ ಅರ್ಧ ಗಂಟೆ ಅದರಲ್ಲೇ ಕಳೆಯುತ್ತದೆ.